ಮನೆಯಲ್ಲಿರದ ದವನ

ದೆವ್ವ, ಗಾಳಿ, ಸೋಕು ಎಂಬ ಮಾತುಗಳನ್ನು ನಾನು ನಂಬಿದವಳಲ್ಲ. ಮಕ್ಕಳೇ, ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅಜ್ಜಿಗೆ ವಯಸ್ಸಾಗಿ ಬುದ್ಧಿ ಮಂಕಾಗಿದೆ ಎಂದುಕೊಂಡೀರಿ. ನನ್ನ ತವರೂರು ಯಗಟಿಯಲ್ಲಿ ನಾನು ಚಿಕ್ಕವಳಿದ್ದಾಗ, ಕುರಿಹಟ್ಟಿಯ ಬಳಿ ಯಾರೋ ಕೈಬೀಸಿ ಕರೆಯುತ್ತಾರೆಂದು ಹೆಂಗಸರೆಲ್ಲ ಹೆದರಿದ್ದರು. ಅಪ್ಪ ನನ್ನನ್ನು ಅಲ್ಲಿಗೇ ಕರೆದೊಯ್ದು ತೋರಿಸಿದರು. ಬೇಲಿಗೆ ಒಣಹಾಕಿದ್ದ ಕಂಬಳಿ ಗಾಳಿಗೆ ಆಡುತ್ತಿತ್ತು. ಆಮೇಲೆ ಇಂಥ ಕಥೆ ಯಾರು ಹೇಳಿದರೂ ಒಳಗೊಳಗೇ ನಗುತ್ತಿದ್ದೆ. ಎದುರಿಗೆ ನಗುವಷ್ಟು ಧೈರ್ಯ ನನಗೆ ಎಂದೂ ಇರಲಿಲ್ಲ.

ಈಗ ಬರೆಯುತ್ತಿರುವುದು ಎಪ್ಪತ್ತರ ದಶಕದಲ್ಲಿ, ಅಜ್ಜಂಪುರದ ಮನೆಯಲ್ಲಿ ನಡೆದದ್ದು. ನನ್ನ ಅತ್ತೆಗೆ, ಎಂದರೆ ನಿಮ್ಮ ತಾತನ ತಾಯಿಗೆ, ದವನದ ಹುಚ್ಚು. ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಕಡೆ ಒಂದು ಮಡಿ ದವನ ಬೆಳೆಸುತ್ತಿದ್ದರು. ಮೊಗ್ಗು ಕಟ್ಟಿದೊಡನೆ ಕೊಯ್ದು, ಬಿಸಿಲು ತಾಗದಂತೆ ಅಟ್ಟದ ಮೇಲೆ ಹರಡಿ ಒಣಗಿಸಿ, ಹಳೆಯ ಪಂಚೆಯ ಚೂರುಗಳಲ್ಲಿ ಸಣ್ಣ ಸಣ್ಣ ಗಂಟು ಕಟ್ಟುವರು. ಸೀರೆಯ ಟ್ರಂಕಿನಲ್ಲಿ, ದಿಂಬಿನ ಕೆಳಗೆ, ಬಾಗಿಲ ಹಿಂದಿನ ಮೊಳೆಯಲ್ಲಿ, ಎಲ್ಲಿ ನೋಡಿದರೂ ಗಂಟು. ಬಂದವರಿಗೆ ಮನೆ ಘಮಘಮ. ನನಗೆ ತಲೆನೋವು. ಒಮ್ಮೆ ಹೇಗೋ ಬಾಯಿಬಿಟ್ಟು ಹೇಳಿದೆ.

"ಅಯ್ಯೋ, ಇವಳ ಮೂಗು ನೋಡ್ರೇ!" ಎಂದು ಅತ್ತೆ ಪಕ್ಕದ ಮನೆಗೂ ಕೇಳುವಂತೆ ನಕ್ಕರು. "ಯಗಟಿ ಕುರಿ ವಾಸ್ನೇಲಿ ಬೆಳ್ದೋಳಿಗೆ ದವನ ಆಗಲ್ವಂತೆ!"

ಆದರೆ ನಿಮ್ಮ ಸೋದರತ್ತೆಯನ್ನು ಹೆತ್ತು, ಎತ್ತಿಕೊಂಡು ತವರಿನಿಂದ ಬಂದ ದಿನ, ಅದೇ ಅತ್ತೆ ನನ್ನ ಕೋಣೆಯ ಗಂಟುಗಳನ್ನೆಲ್ಲ ತಾವೇ ತೆಗೆದು ಹೊರಗಿಟ್ಟಿದ್ದರು. "ಎಳೆಗೂಸಿಗೆ ಘಾಟು ಆಗ್ಬಾರ್ದು ಕಣೇ, ಉಸ್ರು ಕಟ್ತದೆ" ಎಂದಿದ್ದರು.

ಅತ್ತೆ ತೀರಿಕೊಂಡ ಮೇಲೆ ಅವರ ಬಟ್ಟೆಬರೆಯನ್ನು ಗಂಟುಗಳ ಸಮೇತ ಬೇಕಾದವರಿಗೆ ಕೊಟ್ಟುಬಿಟ್ಟೆವು. ದವನದ ಮಡಿ ಅಗೆದು ನಾನು ಬಸಳೆ ಹಬ್ಬಿಸಿದೆ. ಮನೆಗೆಲ್ಲ ಸುಣ್ಣ ಬಳಿಸಿದೆವು. ನಿಮ್ಮ ಅಪ್ಪ ಹುಟ್ಟುವ ಹೊತ್ತಿಗೆ ಆ ಮನೆಯಲ್ಲಿ ದವನದ ಒಂದು ಎಸಳೂ ಇರಲಿಲ್ಲ.

ಎರಡನೆಯ ಹೆರಿಗೆಯಾದ್ದರಿಂದ ನಾನು ತವರಿಗೆ ಹೋಗಲಿಲ್ಲ. ಬಾಣಂತನಕ್ಕೆ ನನ್ನ ಅವ್ವನೇ ಬಸ್ಸು ಹತ್ತಿ ಬಂದಳು. ನಮ್ಮ ಕಡೆ ಬಾಣಂತಿಗೆ ನೀರೆರೆದ ಮೇಲೆ ಬಾಂಡ್ಲಿಯಲ್ಲಿ ಕರಟದ ಕೆಂಡ ಹಾಕಿ, ಸಾಂಬ್ರಾಣಿ ಉದುರಿಸಿ, ತಾಯಿ ಮಗು ಇಬ್ಬರಿಗೂ ಹೊಗೆ ಹಿಡಿಯುತ್ತಾರೆ. ಕೂದಲು ಆರಿದ ಕೂಡಲೇ ಬಾಂಡ್ಲಿಯನ್ನು ಹೊರಗೆ ಒಯ್ಯುವುದು ರೂಢಿ. ಆಷಾಢದ ಆ ಮಧ್ಯಾಹ್ನ ಗಾಳಿ ವಿಪರೀತ, ಮಗು ಬೇರೆ ಸೀನುತ್ತಿತ್ತು. ಅವ್ವ ಇನ್ನಷ್ಟು ಕರಟ ಹಾಕಿ ಬಾಂಡ್ಲಿಯನ್ನು ಮಂಚದ ಕೆಳಗೇ ಬಿಟ್ಟಳು. ಇದ್ದ ಒಂದೇ ಕಿಟಕಿಗೆ ಗೋಣಿಚೀಲ ತುರುಕಿದಳು.

"ಸೆಕೆ ಆಗ್ತದೆ ಕಣವ್ವಾ" ಎಂದೆ.

"ಸುಮ್ನೆ ಮಲಗೇ. ಈಗ ಗಾಳಿ ತಾಗುಸ್ಕಂಡು, ಮುದುಕಿ ಆದ್ಮೇಲೆ ಸೊಂಟ ಹಿಡ್ಕಂಡು ನನ್ನ ಬೈಕಂತೀಯಾ?" ಎಂದು ಬಾಗಿಲೆಳೆದುಕೊಂಡು, ಬಟ್ಟೆ ಒಗೆಯಲು ಹಿತ್ತಲಿಗೆ ಹೋದಳು.

ಮೊದಲು ಹಾಯೆನಿಸಿತು. ಆಮೇಲೆ ತಲೆ ಭಾರವಾಯಿತು. ಎಣ್ಣೆನೀರಿನ ನಿದ್ದೆ ಎಂದುಕೊಂಡೆ. ಮಗು ಸೀನುವುದನ್ನು ನಿಲ್ಲಿಸಿತ್ತು, ಅಳುತ್ತಲೂ ಇರಲಿಲ್ಲ. ಅದೂ ಒಳ್ಳೆಯದೇ ಆಯಿತು ಅನ್ನಿಸಿತು. ಕಾಲು ಮಡಿಸಬೇಕೆಂದುಕೊಂಡರೆ ಕಾಲು ಬೇರೆ ಯಾರದೋ ಎಂಬಂತೆ ಬಿದ್ದಿತ್ತು. ಭಯವಾಗಲಿಲ್ಲ. ಭಯಪಡುವ ಶಕ್ತಿಯೂ ಹೋಗಿತ್ತೆಂದು ಈಗ ತೋರುತ್ತದೆ.

ಆಗ ದವನದ ವಾಸನೆ ಬಂತು. ಮೊದಲು ಟ್ರಂಕು ತೆರೆದಾಗ ಬರುವಷ್ಟು. ಬರಬರುತ್ತ, ಯಾರೋ ಮುಷ್ಟಿಯಲ್ಲಿ ಹಿಸುಕಿ ಮೂಗಿಗೇ ಹಿಡಿದಷ್ಟು. ತಲೆ ಸಿಡಿಯಿತು. ನನಗೆ ಬಂದದ್ದು ಸಿಟ್ಟು. ಎಳೆಮಗುವಿರುವ ಕೋಣೆಯಲ್ಲಿ ಯಾರು ಗಂಟು ಇಟ್ಟರು? ಅದನ್ನು ಎಸೆಯಲೇಬೇಕೆಂಬ ಹಟ ಹುಟ್ಟಿತು. ದಿಂಬಿನ ಕೆಳಗೆ ತಡವಿದೆ, ಇರಲಿಲ್ಲ. ಏಳಹೋಗಿ ಮಂಚದಿಂದ ಬಿದ್ದೆ. ನೆಲದ ಮೇಲೆ ತೆವಳುತ್ತ ಹೋದೆ. ವಾಸನೆ ಕಿಟಕಿಯ ಕಡೆಯಿಂದ ಬರುತ್ತಿತ್ತು. ಗೋಣಿಚೀಲದ ಹಿಂದೆ ಗಂಟಿದೆ ಎಂದು ನನಗೆ ಖಚಿತವಾಯಿತು. ಗೋಡೆ ಹಿಡಿದು ಮೇಲೆದ್ದು, ಚೀಲವನ್ನು ಎಳೆದೆ. ಅದು ನನ್ನ ಮೇಲೇ ಬಿತ್ತು, ಗಾಳಿ ನುಗ್ಗಿತು. ಅಲ್ಲಿ ಗಂಟಿರಲಿಲ್ಲ.

ವಾಂತಿಯಾಯಿತು. ಆ ಸದ್ದಿಗೆ ಅವ್ವ ಓಡಿಬಂದು ಮಗುವನ್ನು ಎತ್ತಿದಳು. ಅದರ ಕತ್ತು ನಿಲ್ಲಲಿಲ್ಲ, ಕೈ ಜೋತುಬಿತ್ತು. ಅವ್ವ ಜಗಲಿಗೆ ಓಡಿದಳು. "ಅಳೋ ನನ್ನಪ್ಪ, ಅಳೋ" ಎಂದು ಅಂಗಾಲು ತಟ್ಟುವುದು ಕೇಳುತ್ತಿತ್ತು. ನಾನು ಹೊಸ್ತಿಲವರೆಗೆ ತೆವಳಿ, ಅಲ್ಲೇ ಬಿದ್ದುಕೊಂಡು ಕಿವಿಗೊಟ್ಟೆ. ಅಳು ಕೇಳಲಿಲ್ಲ. ಮತ್ತೆ ತಟ್ಟಿದಳು. ಕೊನೆಗೆ ಬೆಕ್ಕಿನ ಮರಿಯಂಥ ಒಂದು ಸಣ್ಣ ದನಿ ಬಂತು. ಆಮೇಲೆ ದೊಡ್ಡ ಅಳು.

ಪಕ್ಕದ ಮನೆಯವರು ಹೇಳಿಕಳಿಸಿದ್ದರಿಂದ ನಿಮ್ಮ ತಾತ ಅಂಗಡಿಯಿಂದ ಓಡಿಬಂದರು. ಮಗುವನ್ನು ಎತ್ತಿ ನೆತ್ತಿಗೆ ಮುಖ ಇಟ್ಟವರು ಹಾಗೇ ನಿಂತುಬಿಟ್ಟರು. "ಏನೇ, ನಮ್ಮವ್ವನ ದವನ ಇನ್ನೂ ಎಲ್ಲಿಟ್ಟಿದ್ದೆ? ಮಗಿನ ತಲೆಯೆಲ್ಲ ಅದೇ ವಾಸ್ನೆ!"

ಅಲ್ಲಿಯವರೆಗೆ ನಾನು ದವನದ ಹೆಸರನ್ನೇ ಎತ್ತಿರಲಿಲ್ಲ.

ಅವ್ವ ಮೂಸಿ ನೋಡಿ, "ಸಾಂಬ್ರಾಣಿ ಕಣಪ್ಪ, ದವನ ಎಲ್ಲೈತೆ?" ಎಂದಳು.

"ನಮ್ಮವ್ವನ ದವನ ನಂಗೊತ್ತಾಗಲ್ವಾ ಅತ್ತೆ?" ಎಂದರು ಅವರು. ಹಾಸಿಗೆ ಕೊಡವಿ, ಟ್ರಂಕು ಬಗ್ಗಿಸಿ, ಅಟ್ಟ ಹತ್ತಿ ಹುಡುಕಿದರು. ಏನೂ ಸಿಗಲಿಲ್ಲ. ಆಮೇಲೆ ಬದುಕಿರುವವರೆಗೂ ಅವರು ಆ ಮಾತು ಎತ್ತಲಿಲ್ಲ. ನಾನೂ ಸಂಕೋಚದಿಂದ ಕೇಳಲಿಲ್ಲ.

ಮಗುವನ್ನು ನೋಡಲು ಬಂದ ಡಾಕ್ಟರು, ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಗಾಳಿ ಏಳುತ್ತದೆ ಎಂದರು. ಅವ್ವನಿಗೆ ಚೆನ್ನಾಗಿ ಬೈದರು. ಅಂಥ ಹೊತ್ತಿನಲ್ಲಿ ತಲೆ ಕೆಟ್ಟು ಇಲ್ಲದ್ದೆಲ್ಲ ತೋರಬಹುದಂತೆ. ನನಗೆ ಹಾಗೇ ಆಯಿತೆಂದರೆ ಒಪ್ಪುತ್ತೇನೆ. ಆದರೆ ನಿಮ್ಮ ತಾತ ಬಂದದ್ದು ಬಯಲ ಗಾಳಿಯಿಂದ.

ಊರವರು ತಾಯಿಕರುಳು ಮಗುವನ್ನು ಉಳಿಸಿತು ಎಂದು ನನ್ನನ್ನು ಹೊಗಳಿದರು. ನಿಮ್ಮ ಅಪ್ಪನೂ ಹಾಗೇ ನಂಬಿದ್ದಾನೆ. ಆದರೆ ಆ ಹೊತ್ತಿನಲ್ಲಿ ಮಗುವಿಗೆ ಅಪಾಯವಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಕಿಟಕಿ ತೆರೆಯಬೇಕೆಂದೂ ಅಂದುಕೊಂಡಿರಲಿಲ್ಲ. ಒಂದು ಗಂಟು ಎಸೆಯಲು ಎದ್ದೆ, ಅಷ್ಟೆ. ನನ್ನನ್ನು ಎಬ್ಬಿಸಿದ್ದು ಏನೆಂದು ಎಷ್ಟು ಯೋಚಿಸಿದರೂ ಇವತ್ತಿಗೂ ತಿಳಿದಿಲ್ಲ.