ಹತ್ತಿಗಿರಣಿ ಓಣಿಯಲ್ಲಿ ಶೈಲಜಾ ಮೇಡಂ

ಕರಿಯವ್ವ ಹೆಂಚಿನ ಚೂರು ಹಿಡಿದು ತನ್ನ ಮನೆಯ ಗೋಡೆ ಕೆರೆಯುತ್ತಿದ್ದಳು. ನಾವು ಸೀಮೆಸುಣ್ಣದಲ್ಲಿ ಬರೆದಿದ್ದ ನವಿಲಿನ ಕುತ್ತಿಗೆ ಅಷ್ಟರಲ್ಲೇ ಹೋಗಿತ್ತು.

"ಯಾರನ್ನ ಕೇಳಿ ಗೀಟ ಹೊಡದ್ರಿ? ಹ್ವಾದ ವರ್ಷ ಕೆಂಪ ಬಣ್ಣದಾಗ ನಂಬರ ಬರದು ಹ್ವಾದ್ರು. ಎಂಟ ದಿನಕ್ಕ ಜೆಸಿಬಿ ಬಂತು. ಆಚೀ ಸಾಲಿನಾಗ ಒಂದ ಮನೀನೂ ಉಳೀಲಿಲ್ಲ."

"ಇದು ನವಿಲು ಐತಿ, ಯವ್ವಾ," ಎಂದೆ.

"ಆ ನಂಬರೂ ಭಾಳ ಚಂದ ಬರದಿದ್ರು, ತಂಗಿ."

ನನ್ನ ಗುರುಗಳಾದ ಶೈಲಜಾ ಮೇಡಂ ಬಟ್ಟೆ ನೆನೆಸಿ, ಉಳಿದ ನವಿಲನ್ನು ತಾವೇ ಒರೆಸಿದರು.

ಇದು ಹನ್ನೊಂದು ವರ್ಷದ ಹಿಂದಿನ ಮಾತು. ಯಲಬುರ್ಗಾ, ಕುಷ್ಟಗಿಯ ಶಾಲೆಗಳಲ್ಲಿ ದುಡಿದು ಕೊಪ್ಪಳಕ್ಕೆ ಬಂದ ಮೇಡಂ, ನಮ್ಮ ಜಿಲ್ಲೆಯಲ್ಲಿ ಚಿತ್ರಕಲೆಯ ಪಿರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಡದ ಕೆಲವೇ ಶಿಕ್ಷಕರಲ್ಲಿ ಒಬ್ಬರು. ಅವರ ನಿವೃತ್ತಿಯ ಈ ಸಂದರ್ಭದಲ್ಲಿ ಹೊಗಳಿಕೆ ಸುಲಭ. ಆದರೆ ಅವರನ್ನು ಅನುಮಾನದಿಂದ ನೋಡಿದವರಲ್ಲಿ ನಾನೂ ಒಬ್ಬಳು. ಬಡವರ ಗೋಡೆಗೆ ಬಣ್ಣ ಹಚ್ಚುವವರು ಕೊನೆಗೆ ಯಾರ ಕಣ್ಣಿಗಾಗಿ ಹಚ್ಚುತ್ತಾರೆ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿರಲಿಲ್ಲ.

ಗಿರಣಿ ಮುಚ್ಚಿದ ಮೇಲೆ ಆ ಓಣಿಯನ್ನು ಊರು ಮರೆತಿತ್ತು. ಗಂಡಸರು ಗಿಣಿಗೇರಾದ ಕಾರ್ಖಾನೆಗಳಿಗೆ ಹೋಗುತ್ತಿದ್ದರು. ಅಲ್ಲಿಯ ಕರಿ ಧೂಳು ಅವರ ಅಂಗಿಯಲ್ಲಿ ಮನೆಗೆ ಬರುತ್ತಿತ್ತು. ನವಿಲು ಅಳಿಸಿದ ಮೇಲೆ ಮೇಡಂ ಎಂಟು ತಿಂಗಳು ಅಲ್ಲಿಯ ಗೋಡೆಗಳ ಮೇಲೆ ಏನನ್ನೂ ಬರೆಯಲಿಲ್ಲ. ಓಣಿಯವರ ಜೊತೆ ಗಟಾರದ ಹೂಳು ಎತ್ತಿದರು. ಬೇಸಿಗೆ ರಜೆಯಲ್ಲಿ ಟೇಪು ಹಿಡಿದು, ಹಕ್ಕುಪತ್ರದ ಅರ್ಜಿಗೆ ಬೇಕಾದ ನಕ್ಷೆಯನ್ನು ಮನೆಮನೆಗೂ ಬರೆಯತೊಡಗಿದರು. ಅಳತೆ ಎಂದೊಡನೆ ಬಾಗಿಲುಗಳು ಮುಚ್ಚಿದವು. "ನಿಮಗೇನ ಸಿಗತೈತಿ ಇದರಾಗ?" ಎಂದು ಕರಿಯವ್ವ ಪ್ರತಿ ರವಿವಾರ ಕೇಳುತ್ತಿದ್ದಳು. ಮೇಡಂ ಬರೆದ ನಕ್ಷೆಯನ್ನೆಲ್ಲ ಆಯಾ ಮನೆಯವರ ಕೈಗೆ ಕೊಟ್ಟು, ತಮ್ಮ ಬಳಿ ಒಂದು ಪ್ರತಿಯನ್ನೂ ಇಟ್ಟುಕೊಳ್ಳಲಿಲ್ಲ. ಅಂದಿನಿಂದ ಬಾಗಿಲುಗಳು ಅರ್ಧ ತೆರೆದವು. ಪೂರ್ತಿ ತೆರೆದವು ಎಂದರೆ ಸುಳ್ಳಾಗುತ್ತದೆ.

ಆಮೇಲೆ ಕಿನ್ನಾಳದ ಕಲಾವಿದ ಮಾಂತೇಶ ಬಂದ. ಹುಣಸೆಬೀಜದ ಅಂಟು ಕಲೆಸಿ ಗೋಡೆ ಹದ ಮಾಡುವುದನ್ನು ಕಲಿಸಿದ. ಮನೆಯ ಹೆಂಗಸು ತಾನೇ ಮೊದಲ ಕೈ ಹಚ್ಚದ ಗೋಡೆಗೆ ಕಲಾವಿದರು ಕುಂಚ ತಾಗಿಸಬಾರದೆಂಬುದು ಮೇಡಂ ಮಾಡಿದ ನಿಯಮ. ಕರಿಯವ್ವ ಎಲ್ಲರಿಗಿಂತ ಕೊನೆಗೆ ಕೈ ಹಚ್ಚಿದಳು.

"ನವಿಲ ಬ್ಯಾಡ. ನನ್ನ ಎಮ್ಮಿ ಬರೀರಿ. ಎಡಗೊಂಬು ಮುರದೈತಿ, ಅದನ್ನ ನೆಟ್ಟಗ ಮಾಡಬ್ಯಾಡ್ರಿ ಮತ್ತ!"

"ಎಮ್ಮಿಗೆ ಸುಳ್ಳ ಹೇಳಾಕ ಬರಂಗಿಲ್ಲ ಬಿಡ ಯವ್ವಾ," ಎಂದ ಮಾಂತೇಶ.

ಈಗ ಹುಲಿಗಿಗೆ ಹೋಗುವ ಯಾತ್ರಿಕರೂ ಅಲ್ಲಿ ಗಾಡಿ ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ಅರ್ಜಿಗಳು ಮಾತ್ರ ಇನ್ನೂ ಕಚೇರಿಯಲ್ಲಿವೆ. ಓಣಿ ಚಂದವಾದಷ್ಟೂ ನನ್ನ ಭಯ ಹೆಚ್ಚಿತು.

ಮೇಡಂ ಅವರ ಆರೋಗ್ಯ ಗಟ್ಟಿಯಾಗಿರಲಿ, ಅವರ ಉಗುರಿನ ಸಂದಿಯ ಬಣ್ಣ ಇನ್ನೂ ಬಹುಕಾಲ ಆರದಿರಲಿ ಎಂದು ಹಾರೈಸುತ್ತೇನೆ. ಹೋದ ತಿಂಗಳು ಕಂಡದ್ದನ್ನು ಬರೆಯದಿದ್ದರೆ ಈ ಹಾರೈಕೆ ಅರ್ಧವಾದೀತು.

ಊರಿನ ಸೌಂದರ್ಯ ಸಮಿತಿಯೊಂದರ ಅಧ್ಯಕ್ಷರಾದ ಶರಣಕುಮಾರ ಅವರು ಓಣಿಗೆ ಬಂದು, ಕರಿಯವ್ವನ ಕಟ್ಟೆಯ ಮೇಲೆಯೇ ಕಲಾಕೇಂದ್ರದ ನೀಲನಕ್ಷೆ ಹರಡಿದರು. ಇಂಥದೊಂದು ಕೇಂದ್ರಕ್ಕಾಗಿ ಮೇಡಂ ಇಪ್ಪತ್ತು ವರ್ಷದಿಂದ ಪತ್ರ ಬರೆಯುತ್ತಿದ್ದರು. ನಕ್ಷೆಯಲ್ಲಿ ಕರಿಯವ್ವನದೂ ಸೇರಿ ಆರು ಮನೆಗಳು ಇರಲಿಲ್ಲ.

"ನೀವ ನಿರ್ದೇಶಕರು, ಮೇಡಂ. ಬಾಗಲದ ಮ್ಯಾಲ ನಿಮ್ಮ ಹೆಸರ. ಇವ್ರಿಗೆ ಊರ ಹೊರಗ ಛಲೋ ಜಾಗ ನೋಡೇವಿ. ಓಣಿ ಪರವಾಗಿ ನೀವೊಂದ ಸಹಿ ಹಾಕಿದ್ರ ಯಾರೂ ತಕರಾರ ತಗಿಯಂಗಿಲ್ಲ."

ಅವರು ಪೆನ್ನಿನ ಟೊಪ್ಪಿಗೆ ತೆಗೆದು ಚಾಚಿದರು.

"ಹಾಕ್ರಿ ಮೇಡಮ್ಮಾರ," ಎಂದಳು ಕರಿಯವ್ವ. "ಇದಕ್ಕ ಬಂದಿದ್ರೇನು, ನೋಡೇಬಿಡೂಣು."

ಓಣಿಯೆಲ್ಲ ಮೇಡಂ ಅವರ ಕೈಯನ್ನೇ ನೋಡಿತು. ನಾಚಿಕೆಯಿಂದ ಹೇಳುತ್ತೇನೆ, ನಾನೂ ನೋಡಿದೆ.

"ಒಲ್ಲೆ," ಎಂದರು ಮೇಡಂ.