ಹುಲ್ಲೆಲೆಯ ಬಿಳಿ ಗೆರೆ

ಕಾಲೇಜಿನ ಕೀಟಸಂಗ್ರಹದ ಕೋಣೆಯಲ್ಲಿ ಮೂವತ್ತು ವರ್ಷ ಚೀಟಿ ಬರೆದವಳು ಅವಳು. ಸತ್ತ ಕೀಟದ ಸೂಜಿಗೆ ಚುಚ್ಚುವ ಚೀಟಿ, ಸಾಸಿವೆಯಷ್ಟು ಅಕ್ಷರ: ಯಾವ ಗಿಡ, ಯಾವ ದಿನ, ಸಂಗ್ರಹಿಸಿದವರು ಯಾರು. ಆ ಕೊನೆಯ ಸಾಲಿನಲ್ಲಿ ಬರೆದದ್ದೆಲ್ಲ ದೊಡ್ಡ ದೊಡ್ಡ ಮೇಷ್ಟ್ರುಗಳ ಹೆಸರೇ.

ಅವಳಿಗೊಂದು ಹುಚ್ಚಿತ್ತು. ಹಿಂದಿನ ಗೋಡೆಯ ಬುಡದ ಕಾಡುಹುಲ್ಲಿನ ಎಲೆಗಳಲ್ಲಿ ವರ್ಷಕ್ಕೊಮ್ಮೆ ಬಿಳಿ ಗೆರೆ ಏಳುತ್ತಿತ್ತು. ತುದಿಯಲ್ಲಿ ನೂಲಿನಂತೆ ಶುರುವಾಗಿ ಬುಡದತ್ತ ಅಗಲವಾಗುತ್ತಾ ಇಳಿಯುತ್ತಿತ್ತು. ಎಲೆಯ ಎರಡು ಪೊರೆಗಳ ನಡುವೆ ಸೇರಿಕೊಂಡು ಒಳಗಿನ ಹಸಿರನ್ನಷ್ಟೇ ಮೇಯುವ ಮರಿಹುಳುವಿನ ಕೆಲಸ ಅದು. ಆ ಹುಳುವಿನ ಹೆಸರು ತಿಳಿಯಬೇಕು, ಅದೇ ಅವಳ ಹುಚ್ಚು. ಯಾವ ಹುಳು ಎಂದು ಹೇಳಲು ಗೆರೆ ಸಾಲದು, ಅದು ರೆಕ್ಕೆ ಬಂದು ಹೊರಬೀಳಬೇಕು ಎಂದಿದ್ದರು ಸಂಗ್ರಹ ನೋಡಿಕೊಳ್ಳುವ ಮೇಡಂ. ಬೇಗ ಕಿತ್ತು ಸೀಸೆಯಲ್ಲಿಟ್ಟರೆ ಎಲೆ ಒಣಗಿ ಹುಳು ಸಾಯುತ್ತಿತ್ತು. ಬಲಿಯಲಿ ಎಂದು ಬಿಟ್ಟರೆ ಹುಲ್ಲೇ ಇರುತ್ತಿರಲಿಲ್ಲ. ಕತ್ತರಿಸುತ್ತಿದ್ದವನು ಕಾಲೇಜಿನ ಮಾಲಿ, ಅಂದರೆ ಅವಳ ಗಂಡ.

ತಿಂಗಳು ಕಳೆದರೆ ಅವಳಿಗೆ ನಿವೃತ್ತಿ. ಈ ಸಲವಾದರೂ ಒಂದು ಮಾರು ಹುಲ್ಲು ಬಿಡಿ ಎಂದು ಅಂಗಲಾಚಿದಳು. ಏಕೆಂದು ಅವಳು ಹೇಳಲಿಲ್ಲ, ಅವನೂ ಕೇಳಲಿಲ್ಲ. ಆ ಸಂಸಾರ ನಡೆದುಬಂದದ್ದೇ ಹಾಗೆ. ಮೇಲಿನವರಿಂದ ಬೈಸಿಕೊಂಡೂ ಅವನು ಹುಲ್ಲು ಬಿಟ್ಟ, ದಿನಾ ನೀರೂ ಹಾಕಿದ.

ಎರಡು ವಾರ ಬಿಟ್ಟು ಅವಳು ಸೀಸೆ ಹಿಡಿದು ಹೋದರೆ ಹುಲ್ಲೆಲ್ಲ ಹಸಿರೋ ಹಸಿರು. ಗೆರೆಯಿದ್ದ ಎಲೆ ಔಷಧಿಗೂ ಇಲ್ಲ.

"ನಿನಗೋಸ್ಕರ ಚೆಂದ ಮಾಡಿಟ್ಟಿದೀನಿ ನೋಡು. ರೋಗದ ಎಲೆ ಒಂದೂ ಬಿಟ್ಟಿಲ್ಲ," ಎಂದ ಅವನು, ಬೀಗುತ್ತಾ.

ಪಾಪ, ಅವನನ್ನು ಬೈಯಲು ಅವಳಿಗೆ ಬಾಯೇ ಬರಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಅತ್ತಳು. ಅಳುತ್ತಲೇ ಮೂವತ್ತು ವರ್ಷ ಹೇಳದೆ ಉಳಿಸಿಕೊಂಡದ್ದನ್ನು ಹೇಳಿದಳು. ಅವನ ಮುಖ ಸಣ್ಣಗಾಯಿತು. ಸಾಮಾನಿನ ಕೋಣೆಗೆ ಹೋಗಿ ಹಳೆಯ ಬಿಸ್ಕತ್ತಿನ ಡಬ್ಬಿ ತಂದ. ರೋಗದ ಎಲೆಯನ್ನು ನೆಲಕ್ಕೆ ಹಾಕಬಾರದು, ಮುಚ್ಚಿಟ್ಟು ತಿಂಗಳ ಕೊನೆಗೆ ಸುಡಬೇಕೆಂಬುದು ಅವನ ಕಸುಬಿನ ಕಟ್ಟಳೆ. ದಿನಾ ನೀರು ಕುಡಿದ ಎಲೆಗಳು ಬಿಗಿಮುಚ್ಚಳದೊಳಗೆ ಒಣಗಿರಲಿಲ್ಲ. ಮುಚ್ಚಳ ಒಂದಿಷ್ಟು ಎತ್ತಿದರೆ, ಅದರ ಒಳಮೈಯಲ್ಲಿ ಎಳ್ಳಿಗಿಂತ ಸಣ್ಣ ಮೂರು ನೊಣಗಳು ನಡೆದಾಡುತ್ತಿದ್ದವು.

"ಮುಚ್ಚಿ, ಮುಚ್ಚಿ," ಎಂದಳು ಅವಳು.

ಮೇಡಂ ಸೂಕ್ಷ್ಮದರ್ಶಕದಲ್ಲಿ ನೋಡಿ ನೊಣದ ಹೆಸರು ಹೇಳಿದರು. ಹೊಸದೇನಲ್ಲ, ಪುಸ್ತಕದಲ್ಲಿರುವ ಸಾಮಾನ್ಯ ನೊಣ. ಅವಳಿಗೆ ಅಷ್ಟೇ ಸಾಕಾಗಿತ್ತು. ಹೊಟ್ಟೆ ತುಂಬಿದ ಹಾಗಾಯಿತು. ಚೀಟಿ ಬರೆದು ಗಂಡನಿಗೆ ತೋರಿಸಿದಳು. ಕೊನೆಯ ಸಾಲಿನಲ್ಲಿ ಅವನ ಹೆಸರಿತ್ತು.

"ಎಲ್ಲ ಹಾಳು ಮಾಡಿದವನ ಹೆಸರು ಯಾಕೆ?"

"ಕಿತ್ತವರ ಹೆಸರೇ ಬರೀಬೇಕು."

"ನಿನ್ನದೆಲ್ಲಿ?"

ಚೀಟಿ ಬರೆದವರಿಗೆ ಸಾಲು ಇರುವುದಿಲ್ಲ ಎಂದಳು. ಆಗ ಅವನು ಅವಳ ಕೈಯಿಂದ ಪೆನ್ನು ತೆಗೆದುಕೊಂಡು, ಬಿಸ್ಕತ್ತಿನ ಡಬ್ಬಿಯ ಮುಚ್ಚಳದ ಮೇಲೆ ಈ ತುದಿಯಿಂದ ಆ ತುದಿಗೆ ಅವಳ ಹೆಸರು ಬರೆದ.