ನಿಕ್ಕಲ್ ಹಿಡಿಯದ ಬಂಪರ್

ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ನಮ್ಮ ಮನೆಯವರು ಹುಬ್ಬಳ್ಳಿಯಲ್ಲಿ ಒಬ್ಬರ ಕೈಕೆಳಗೆ ಕೆಲಸ ಕಲಿತು ಬಂದು, ಬೈಲಹೊಂಗಲದ ನಮ್ಮ ಹಿತ್ತಲಿನಲ್ಲಿ ತಗಡಿನ ಶೆಡ್ಡು ಹಾಕಿ ಸ್ವಂತ ಅಂಗಡಿ ತೆರೆದರು. ತುಕ್ಕು ಹಿಡಿದ ಬಂಪರ್, ಹೆಡ್‌ಲೈಟಿನ ರಿಂಗು, ಬಾಗಿಲ ಹಿಡಿಕೆ ಇಂಥವನ್ನು ಉಜ್ಜಿ, ನಿಕ್ಕಲ್ ನೀರಿನ ತೊಟ್ಟಿಯಲ್ಲಿ ಇಳಿಬಿಟ್ಟು, ಕರೆಂಟು ಹಾಯಿಸಿ ಹೊಳಪು ಕೊಡುವ ಕೆಲಸ. ಕೇಳಲಿಕ್ಕೆ ಚೆಂದ. ಅದರ ಪಾಡು ಮನೆಯಲ್ಲಿದ್ದವಳಿಗೆ ಗೊತ್ತು! ಆ್ಯಸಿಡ್ಡಿನ ಘಾಟು ರೊಟ್ಟಿ ಬುಟ್ಟಿಯವರೆಗೂ ಬರುತ್ತಿತ್ತು. ಉಜ್ಜುವ ಗಾಲಿಯ ಕರಿ ಧೂಳು ಒಣಹಾಕಿದ ಸೀರೆಯ ಮೇಲೆ ಕೂರುತ್ತಿತ್ತು.

"ಬಂಗಾರದಂಥಾ ಸೀರಿ ಹಾಳ ಮಾಡಿದ್ರಿ! ನಿಮ್ಮ ಪಾಲಿಶಿಗೆ ಬೆಂಕಿ ಹತ್ತಲಿ!" ಎಂದು ನಾನು ಒದರಿದರೆ ಓಣಿಯ ಆ ತುದಿಗೆ ಕೇಳುತ್ತಿತ್ತು. ಅವರು ನಗುತ್ತ ಗಾಲಿ ಇನ್ನಷ್ಟು ಜೋರಾಗಿ ತಿರುಗಿಸುತ್ತಿದ್ದರು.

ಆದರೆ ತಿರುಗಿಸಲು ಕೆಲಸವೇ ಬರುತ್ತಿರಲಿಲ್ಲ. ಊರಿನ ಡ್ರೈವರುಗಳಿಗೆ ಹುಬ್ಬಳ್ಳಿಯ ಕೆಲಸವೇ ಕೆಲಸ. ಕೊನೆಗೆ ಸವದತ್ತಿ ರಸ್ತೆಗೆ ಟ್ಯಾಕ್ಸಿ ಹೊಡೆಯುತ್ತಿದ್ದ ಒಬ್ಬ ಹಿರಿಯ ಮುಸಲ್ಮಾನರು, ನಾವೆಲ್ಲ ಚಾಚಾ ಎನ್ನುತ್ತಿದ್ದವರು, ತಮ್ಮ ಕಾರಿನ ಮುಂದಿನ ಬಂಪರ್ ಬಿಚ್ಚಿ ತಂದುಕೊಟ್ಟರು. ಉಳಿದವರು, "ಚಾಚಾನ ಗಾಡಿ ನೋಡೂಣು, ಆಮ್ಯಾಲೆ ನಮ್ಮದು" ಅಂದರಂತೆ.

"ಇದೊಂದು ಕೈ ಕೊಟ್ರ ಅಂಗಡಿ ಮುಚ್ಚೂದಽ," ಎಂದರು ನಮ್ಮ ಮನೆಯವರು ಊಟಕ್ಕೆ ಕುಳಿತಾಗ. "ನಾ ಹುಬ್ಬಳ್ಳಿಗೆ, ನೀ ರಾಮದುರ್ಗಕ್ಕ ತವರಮನಿಗೆ, ಅವ್ವ ಕಿತ್ತೂರಾಗ ಅಕ್ಕನ ಮನಿಗೆ."

ನಾನಾಗ ಬಸುರಿ. ಅತ್ತೆಯ ಕಣ್ಣಿಗೆ ಪೊರೆ ಬಂದು ಎದುರಿನವರ ಮುಖವೂ ಮಸುಕು. ಅವರು ಕೈಯಲ್ಲಿ ಮುರಿದಿದ್ದ ರೊಟ್ಟಿಯನ್ನು ತಿನ್ನಲಿಲ್ಲ.

ಮರುದಿನ ನಮ್ಮವರು ಬಂಪರನ್ನು ಗಾಲಿಗೆ ಹಿಡಿದು ಉಜ್ಜಿ, ಸುಣ್ಣ ಹಚ್ಚಿ ಜಿಡ್ಡು ತೆಗೆದು, ಆ್ಯಸಿಡ್ಡಿನಲ್ಲಿ ಅದ್ದಿ ತೊಳೆದು, ತಾಮ್ರದ ತಂತಿಯಲ್ಲಿ ತೊಟ್ಟಿಯ ಮೇಲೆ ತೂಗುಹಾಕಿದರು. "ಇನ್ನ ಇದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ. ಬೆರಳಿನ ಜಿಡ್ಡು ತಾಕಿದ್ರ ಅಲ್ಲೆ ನಿಕ್ಕಲ್ ಹಿಡಿಯೂದಿಲ್ಲ" ಎಂದು ನನಗೆ ಹೇಳಿದರು. ಅಷ್ಟರಲ್ಲಿ ಕರೆಂಟು ಹೋಯಿತು. ಓಣಿಗೆಲ್ಲ ಹೋಗಿದೆಯೋ ನಮಗಷ್ಟೇ ಹೋಗಿದೆಯೋ ನೋಡಲು ಅವರು ಹೊರಗೆ ಹೋದರು. ನಾನು ಒಲೆಯ ಮುಂದಿದ್ದೆ. ಕರೆಂಟು ಬಂದೊಡನೆ ಓಡಿಬಂದು ಬಂಪರನ್ನು ತೊಟ್ಟಿಗೆ ಇಳಿಸಿದರು.

ಮಧ್ಯಾಹ್ನ ಮೇಲೆತ್ತಿ ತೊಳೆದಾಗ ನಾನೂ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ. ಉದ್ದಕ್ಕೂ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ನಟ್ಟನಡುವೆ ಮಾತ್ರ ನಾಲ್ಕು ಬೆರಳಿನ ಗುರುತು, ಬರೀ ಕಬ್ಬಿಣ, ಕಪ್ಪಗೆ. ತಂತಿಗೆ ಅರಿಶಿನದ ಪುಡಿ ಮೆತ್ತಿತ್ತು. ಸವದತ್ತಿ ಯಲ್ಲಮ್ಮನ ಭಂಡಾರ! ದೇವರ ದೀಪಕ್ಕೆ ಎಣ್ಣೆ ಹಾಕಿದ ಕೈಯಲ್ಲೇ ಅತ್ತೆ ಗೋಡೆ ಹಿಡಿದುಕೊಂಡು ಬಂದು, ಮಗನ ಕೆಲಸ ಕೈಗೂಡಲಿ ಎಂದು ಬಂಪರಿಗೆ ಭಂಡಾರ ಹಚ್ಚಿ ಹೋಗಿದ್ದರು.

ನನಗೆ ಮೈಯೆಲ್ಲ ಉರಿದುಹೋಯಿತು. ಏನೇನು ಅನ್ನಬೇಕೋ ಎಲ್ಲ ಬಾಯಿಗೆ ಬಂದು ನಿಂತಿತ್ತು. ಅಷ್ಟರಲ್ಲಿ ಅತ್ತೆಯೇ ಬಾಗಿಲಿಗೆ ಬಂದರು.

"ಹೆಂಗಾತೋ ತಮ್ಮಾ?"

ನಮ್ಮವರು ಬಂಪರನ್ನೊಮ್ಮೆ, ತಾಯಿಯನ್ನೊಮ್ಮೆ ನೋಡಿದರು. "ಛಲೋ ಬಂದೈತವ್ವ."

ಅತ್ತೆ ನನ್ನ ಕಡೆ ತಿರುಗಿದರು. "ನೀ ಹೇಳ ನನ್ನವ್ವಾ, ಖರೇನಽ ಹೊಳಿಯಾಕ ಹತ್ತೇತೇನು?"

ಆ ಮುಖದಲ್ಲಿದ್ದ ಆಸೆ ನೋಡಿ ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. "ಹೌದ್ರಿ ಅತ್ತಿ. ಭಾಳ ಚೆಂದ ಆಗೇತ್ರಿ. ನೀವು ಕುಂದರ ಬರ್ರಿ" ಎಂದು ಕೈಹಿಡಿದು ಕಟ್ಟೆಗೆ ಕರೆತಂದು ಕೂರಿಸಿದೆ.

ಸಂಜೆ ಚಾಚಾ ಬಂದು ಬಂಪರ್ ನೋಡಿದರು. ಬೆರಳಿನ ಗುರುತು ಕಂಡು ಹುಬ್ಬೇರಿಸಿ ಬಾಯಿ ತೆರೆದವರು, ಕಟ್ಟೆಯ ಮೇಲೆ ಕಿವಿ ಕೊಟ್ಟು ಕುಳಿತಿದ್ದ ಮುದುಕಿಯನ್ನು ನೋಡಿ ನಿಲ್ಲಿಸಿದರು. "ವಾಹ್! ಬೆಳ್ಳಿ ಮಾಡಿಟ್ಟಾನ್ರಿ ನಿಮ್ಮ ಮಗ" ಎಂದು ಅವರಿಗೆ ಕೇಳುವಂತೆ ಕೂಗಿ, ನಮ್ಮವರ ಹತ್ತಿರ ಮೆಲ್ಲಗೆ, "ಮತ್ತೊಮ್ಮೆ ಮಾಡಪಾ. ಬಂಪರ್ ಇಲ್ಲಂತ ಗಾಡಿ ನಿಲ್ಲೂದಿಲ್ಲ" ಅಂದರು.

ಪುಣ್ಯಾತ್ಮ. ಅವರ ಆ ಒಂದು ಮಾತು ನಮ್ಮನ್ನು ಉಳಿಸಿತು. ಹಳೆಯ ಪದರವನ್ನೆಲ್ಲ ಉಜ್ಜಿ ತೆಗೆದು ಮತ್ತೆ ತೊಟ್ಟಿಗೆ ಇಳಿಸಿದಾಗ ಎಲ್ಲೂ ಕಲೆಯಿಲ್ಲದೆ ಹಿಡಿಯಿತು. ಸ್ಟ್ಯಾಂಡಿನಲ್ಲಿ ಚಾಚಾನ ಗಾಡಿ ನೋಡಿದವರು ಒಬ್ಬೊಬ್ಬರಾಗಿ ಬಂದರು. ಯಾರೂ ಯಾವ ಊರಿಗೂ ಹೋಗಲಿಲ್ಲ. ನನ್ನ ಮಗಳು ಆ ಘಾಟಿನಲ್ಲೇ ಬೆಳೆದಳು.

ಅಂದಿನಿಂದ ನಮ್ಮವರು ಒಂದು ಪದ್ಧತಿ ಮಾಡಿಕೊಂಡರು. ಯಾವ ಸಾಮಾನು ಬಂದರೂ, ತುಕ್ಕು ತೆಗೆಯುವ ಮೊದಲೇ, ಕಟ್ಟೆಗೆ ಒಯ್ದು ತಾಯಿಯ ಮುಂದೆ ಇಡುವರು. ಅತ್ತೆ ತಡವಿ ನೋಡಿ ಭಂಡಾರ ಹಚ್ಚುವರು. ಆಮೇಲೆ ಸುಣ್ಣ, ಆ್ಯಸಿಡ್ಡು, ನೀರು.

ದಶಕ ಮುಗಿಯುತ್ತ ಬಂದಾಗ ಅತ್ತೆ ಹಾಸಿಗೆ ಹಿಡಿದರು. ಒಂದು ದಿನ ಅವರ ತಲೆ ಬಾಚುತ್ತಿದ್ದೆ. "ಚಾಚಾನ ಬಂಪರಿಗೆ ಮೊದಲ್ನೇ ಸಲ ನಿಕ್ಕಲ್ ಹಿಡೀಲಿಲ್ಲ, ಹೌದಲ್ಲ?" ಅಂದರು.

ಹಣಿಗೆ ಅಲ್ಲೇ ನಿಂತಿತು. "ನಿಮಗ ಯಾರು ಹೇಳಿದ್ರಿ?"

"ನೀನಽ. ಅವತ್ತ ಎಷ್ಟ ಮೆತ್ತಗ ಮಾತಾಡಿದಿ! ಲಗ್ನಾಗಿ ಬಂದಾಗಿಂದ ಹಂಗ ಮಾತಾಡಿದಾಕೆ ಅಲ್ಲ. ಏನೋ ಕೆಟ್ಟೈತಿ ಅಂತ ಅಲ್ಲೇ ತಿಳೀತು. ಅದಕ್ಕ ಕೈ ಹಚ್ಚಿದಾಕಿ ನಾನೊಬ್ಬಾಕೀನಽ. ನನ್ನ ಕೈಯಿಂದನಽ ಮಗ ಊರ ಬಿಟ್ಟ ಹೊಂಟ ಅಂತ ಬೆಳತನಕ ಅತ್ತೇನಿ."

"ಮತ್ತ ಇಷ್ಟ ವರ್ಷ ಹಚ್ಚಿದ್ದೆಲ್ಲಾ ಅವ್ರು ತೊಳೀತಾರಂತನೂ ಗೊತ್ತಿತ್ತೇನ್ರಿ?"

"ತೊಳೀಲೇಳು. ತೊಳಿಯೂಕಿಂತ ಮೊದಲ ನನ್ನ ಹಂತೇಕ ತರತಾನಲ್ಲ."

ನನಗೆ ಅಳುವೂ ಬಂತು, ಸಿಟ್ಟೂ ಬಂತು. "ಅವತ್ತಽ ಬಾಯಿಬಿಟ್ಟು ಹೇಳಾಕ ಏನಾಗಿತ್ರಿ ನಿಮಗ? ಒಬ್ಬಾಕೀನಽ ಅಳತಾರೇನು?" ಎಂದು ಓಣಿಗೆಲ್ಲ ಕೇಳುವಂತೆ ಒದರಿದೆ.

ಅತ್ತೆ ಕಣ್ಣು ಮುಚ್ಚಿ ನಕ್ಕರು. "ಹಾಂ, ಹಿಂಗ ಒದರು ನನ್ನವ್ವಾ. ಈಗ ಸಮಾಧಾನಾತು."